ಎಲ್ಲಿ ಉರಿ ಅಂತ ಕೇಣ್ಬೇಡಿ ಸಿಸ್ಟ್ರೇ

ಇಂಥದ್ದೆಲ್ಲ ಇನ್ನು ನಡೆಯಲಿಕ್ಕಿಲ್ಲ ಎಂದು ನಾನು ಅಂದುಕೊಂಡ ದಿನವೇ ಇನ್ನೊಂದು ನಡೆದಿರುತ್ತದೆ. ಕುಂದಾಪುರದ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಸಿಸ್ಟರ್. ಹೆಂಗಸರನ್ನು ನೋಡುವ ನಮ್ಮ ಡಾಕ್ಟ್ರಮ್ಮನ ಕೋಣೆಯ ಹೊರಗೆ ನನ್ನ ಮೇಜು. ಬ್ರಹ್ಮಾವರದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತೇನೆ. ಬಿಪಿ ನೋಡಿ, ತೂಕ ನೋಡಿ, "ಎಂತ ತೊಂದರೆ?" ಎಂದು ಕೇಳಿ, ಚೀಟಿಯಲ್ಲಿ ಬರೆದು ಒಳಗೆ ಕಳಿಸುವುದು ನನ್ನ ಕೆಲಸ.

ಕೇಳುವುದು ಸುಲಭ, ಉತ್ತರ ಹೊರಡಿಸುವುದು ಕಷ್ಟ. ತಲೆನೋವು ಹೇಳಲಿಕ್ಕೆ ಯಾರಿಗೂ ನಾಚಿಕೆ ಇಲ್ಲ. ಮಂಡಿನೋವನ್ನಂತೂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ಹೇಳುತ್ತಾರೆ. ಆದರೆ ಮೂತ್ರಕ್ಕೆ ಹೋಗುವಾಗ ಉರಿಯುತ್ತದೆ ಎಂಬ ಒಂದು ಮಾತು ಇದೆಯಲ್ಲ, ಅದು ಮಾತ್ರ ಗ್ಯಾಸ್ ಟ್ರಬಲ್, ಸುಸ್ತು, ನಿದ್ರೆ ಇಲ್ಲ ಎಂದು ನಾಲ್ಕು ಊರು ಸುತ್ತಿಯೇ ಬಾಯಿಗೆ ಬರುತ್ತದೆ. ಕೆಲವರ ಬಾಯಿಗೆ ಬರುವುದೇ ಇಲ್ಲ.

ಕೆಳಗೆ ಉರಿ

ಗಂಗೊಳ್ಳಿಯ ಒಬ್ಬ ಮೀನು ಮಾರುವ ಹೆಂಗಸು. ಸಂತೆಯಲ್ಲಿ ಅವರು ಬಂಗುಡೆ ಎಂದು ಕೂಗಿದರೆ ಆಚೆ ರಸ್ತೆಯವರು ಚೀಲ ಹುಡುಕುತ್ತಾರೆ, ಅಂಥ ಸ್ವರ. ನನ್ನ ಮೇಜಿನ ಎದುರು ಕುಳಿತಾಗ ಆ ಸ್ವರ ಎಲ್ಲಿ ಹೋಯಿತೋ ಗೊತ್ತಿಲ್ಲ. ತುಟಿ ಮಾತ್ರ ಅಲ್ಲಾಡುತ್ತಿತ್ತು.

"ಎಂತ ತೊಂದರೆ ಅಕ್ಕ?"

"ಉರಿ."

"ಎಲ್ಲಿ ಉರಿ?"

ಅವರು ಹಿಂದೆ ನೋಡಿದರು, ಮುಂದೆ ನೋಡಿದರು. ಗೋಡೆಯ ಮೇಲಿನ ಮಗುವಿನ ಚಿತ್ರವನ್ನೂ ಒಮ್ಮೆ ನೋಡಿದರು. "ಕೆಳಗೆ" ಎಂದರು.

ಸಕ್ಕರೆ ಕಾಯಿಲೆಯವರು ಅಂಗಾಲು ಉರಿ ಎಂದು ದಿನಾ ಬರುತ್ತಾರೆ. ನಾನು ಚೀಟಿಯಲ್ಲಿ 'ಕಾಲು ಉರಿ' ಎಂದು ಬರೆದು ಒಳಗೆ ಕಳಿಸಿದೆ.

ಡಾಕ್ಟ್ರಮ್ಮ ಅವರನ್ನು ಮಂಚದ ಮೇಲೆ ಮಲಗಿಸಿ ಪಾದ ಒತ್ತಿ ನೋಡಿದರು. "ಇಲ್ಲಿಯಾ?"

"ಅಲ್ಲ, ಒಂಚೂರ್ ಮೇಲೆ."

ಡಾಕ್ಟ್ರಮ್ಮ ಮೀನಖಂಡ ಹಿಡಿದರು. "ಇಲ್ಲಿ?"

"ಇನ್ನೂ ಮೇಲೆ."

ಮೊಣಕಾಲು ಮುಟ್ಟಿದರು. ಇನ್ನೂ ಮೇಲೆ ಎಂದರು. ಡಾಕ್ಟ್ರಮ್ಮನಿಗೆ ತಾಳ್ಮೆ ಸ್ವಲ್ಪ ಕಮ್ಮಿ. ತೊಡೆ ಗಿಡೆ ಎಲ್ಲ ಬಿಟ್ಟು ನೇರವಾಗಿ ಹೊಕ್ಕುಳಿನ ಮೇಲೆ ಕೈಯಿಟ್ಟು "ಇಲ್ಲಿಯಾ ಹಾಗಾದ್ರೆ?" ಎಂದು ಕೇಳಿದರು.

ಅಕ್ಕ ಕಣ್ಣು ಮುಚ್ಚಿಕೊಂಡು ಹೇಳಿದರು: "ಡಾಕ್ಟ್ರೇ, ಸ್ಟಾಪ್ ಹಿಂದೆ ಉಳೀತ್. ವಾಪಾಸ್ ಬನ್ನಿ."

ಡಾಕ್ಟ್ರಮ್ಮ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಒಂದೊಂದಾಗಿ ಕೇಳಿದರು. ಹೋಗುವಾಗ ಉರಿಯಾ? ಹೌದು. ಹೋಗಿ ಬಂದ ಕೂಡಲೇ ಮತ್ತೆ ಹೋಗಬೇಕು ಅನ್ನಿಸುತ್ತದಾ? ಹೌದು. ಹೋದರೆ ನಾಲ್ಕು ಹನಿಯಾ? ಹೌದು. ಬಣ್ಣ ಕದಡಿದ ಹಾಗೆ, ವಾಸನೆಯಾ? ಅದೂ ಹೌದು. ಕಿಬ್ಬೊಟ್ಟೆ ಹಿಡಿದ ಹಾಗೆ? "ಡಾಕ್ಟ್ರೇ, ನಿಮ್ಗ್ ಎಲ್ಲ ಹ್ಯಾಂಗ್ ಗೊತ್ತಾಯ್ತ್?" ಎಂದು ಅಕ್ಕನಿಗೆ ಆಶ್ಚರ್ಯ.

ಕಾರಣ ಕೇಳಿದಾಗ ನಗು ಬರಲಿಲ್ಲ. ಬೆಳಿಗ್ಗೆ ಬಂದರಿಗೆ ಹೋದರೆ ಮೀನು ಮಾರಿ ಮನೆ ಸೇರುವವರೆಗೆ ಹೋಗಲಿಕ್ಕೆ ಸರಿಯಾದ ಜಾಗವಿಲ್ಲ. ಅದಕ್ಕೆ ಅವರು ನೀರೇ ಕುಡಿಯುವುದಿಲ್ಲ. ಅವರೊಬ್ಬರೇ ಅಲ್ಲ, ಸಾಲಿನಲ್ಲಿ ಕುಳಿತವರು ಯಾರೂ ಕುಡಿಯುವುದಿಲ್ಲ. ಡಾಕ್ಟ್ರಮ್ಮ ಮೂತ್ರ ಪರೀಕ್ಷೆ ಮಾಡಿಸಿ ಮಾತ್ರೆ ಕೊಟ್ಟರು. ನೀರು ಕುಡಿಯಲೇಬೇಕು, ತಡೆದುಕೊಂಡು ಕೂರಬಾರದು ಎಂದರು. ತೊಳೆದುಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಎಂಬುದನ್ನೂ ಕೈ ಆಡಿಸಿ ತೋರಿಸಿದರು. ಬಾಗಿಲು ದಾಟುವಾಗ ಅಕ್ಕ ನನ್ನ ಕೈ ಹಿಡಿದು ಪಿಸುಗುಟ್ಟಿದರು. "ಸಿಸ್ಟ್ರೇ, ಯಾರಿಗೂ ಹೇಳ್ಬೇಡಿ."

ನಾನು ಯಾರಿಗೂ ಹೇಳಲಿಲ್ಲ. ಮುಂದಿನ ವಾರ ಮೀನು ತರಲೆಂದು ಸಂತೆಗೆ ಹೋದೆ. ನಾನಿನ್ನೂ ಗೇಟಿನ ಹತ್ತಿರ ಇದ್ದೆ, ಆ ಕೊನೆಯಿಂದ ಕೂಗು ಬಂತು. "ಹ್ವಾಯ್ ಸಿಸ್ಟ್ರೇ, ನನ್ ಉಚ್ಚಿ ಉರಿ ಪೂರಾ ಗುಣ ಆಯ್ತ್."

ಇಡೀ ಸಂತೆ ನನ್ನ ಕಡೆ ತಿರುಗಿತು. ಬಂಗುಡೆ ಚೌಕಾಸಿ ಮಾಡುತ್ತಿದ್ದ ನಮ್ಮ ಬ್ಯಾಂಕಿನ ಮೆನೇಜರರೂ ತಿರುಗಿದರು. ನಾನು ತಲೆ ತಗ್ಗಿಸಿ ಹತ್ತಿರ ಹೋದರೆ ಸಾಲಿನ ಅಷ್ಟೂ ಹೆಂಗಸರ ಬುಟ್ಟಿಯ ಪಕ್ಕ ಒಂದೊಂದು ನೀರಿನ ಬಾಟಲಿ. "ನಾನೇ ಎಲ್ಲರ್ಗೂ ಹೇಳ್ದೆ. ನೀವ್ ಮಾತ್ರ ಯಾರಿಗೂ ಹೇಳ್ಬೇಡಿ" ಎಂದರು ಅಕ್ಕ.

ಮಧ್ಯದ್ದು

ಮೂತ್ರ ಪರೀಕ್ಷೆಗೆ ಕೊಡುವಾಗ ಒಂದು ಕ್ರಮ ಇದೆ. ಶುರುವಿನಲ್ಲಿ ಬಂದದ್ದನ್ನು ಬಿಟ್ಟು, ನಡುವೆ ಬರುವುದನ್ನು ಬಾಟಲಿಯಲ್ಲಿ ಹಿಡಿಯಬೇಕು, ಕೊನೆಯದೂ ಬೇಡ. ಆಗಲೇ ರಿಪೋರ್ಟು ಸರಿ ಬರುವುದು. ಇದನ್ನು ನಾನು ದಿನಾ ಹೇಳಿ ಹೇಳಿ ಬಾಯಿಪಾಠ ಆಗಿ, ಈಗ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಹೇಳುತ್ತೇನೆ. "ಶುರುವಿನದ್ದು ಬೇಡ, ಕಡೇದ್ದು ಬೇಡ, ಮಧ್ಯದ್ದು ತನ್ನಿ."

ಬೈಂದೂರಿನಿಂದ ಹೊಸದಾಗಿ ಮದುವೆಯಾದ ಒಬ್ಬ ಹುಡುಗಿ ಬಂದಿದ್ದಳು. ಅವಳಿಗೂ ಅದೇ ಉರಿ. ಆ ಹೊತ್ತಿಗೆ ಹೋಗಲಿಕ್ಕೆ ಬರುತ್ತಿಲ್ಲ, ನಾಳೆ ಬರುವಾಗ ತರುತ್ತೇನೆ ಎಂದಳು. ನಾನು ಬಾಟಲಿ ಕೊಟ್ಟು, ನನ್ನ ಅನೌನ್ಸ್‌ಮೆಂಟನ್ನೂ ಮಾಡಿ ಕಳಿಸಿದೆ. ತಡ ಮಾಡದೆ ತರಬೇಕು ಎಂದೂ ಹೇಳಿದೆ.

ಮರುದಿನ ಕಾದೆ. ಬೈಂದೂರಿನ ಬಸ್ಸುಗಳು ಒಂದರ ಹಿಂದೆ ಒಂದು ಬಂದವು, ಅವಳು ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಏದುಸಿರು ಬಿಡುತ್ತಾ ಬಂದಳು.

"ಇಷ್ಟ್ ತಡ ಎಂತಕ್ಕೆ?" ಎಂದೆ.

"ಸಿಸ್ಟ್ರೇ, ನೀವ್ ಹೇಳದ್ ಹಾಂಗೇ ಮಾಡ್ದೆ. ಶುರುವಿನದ್ ಬೇಡ ಅಂದ್ರಿ ಅಲ್ದಾ, ಅದಕ್ಕ್ ಬೈಂದೂರಂಗ್ ಹಿಡೀಲಿಲ್ಲ. ಕಡೇದ್ದೂ ಬೇಡ, ಹಂಗಾರ್ ಕುಂದಾಪ್ರವೂ ಆತಿಲ್ಲೆ. ಮಧ್ಯ ಅಂದ್ರೆ ತ್ರಾಸಿ. ಅಲ್ಲಿ ನನ್ನ್ ಚಿಕ್ಕಮ್ಮನ ಮನಿ ಇತ್ತ್. ಬಸ್ಸಿಂದ ಇಳ್ದ್ ಅಲ್ಲಿಗ್ ಹೋಯ್, ಹಿಡ್ಕಂಡ್ ಬಂದೆ."

ನಾನು ಬಾಟಲಿ ತೆಗೆದುಕೊಂಡು ಅವಳ ಹೆಸರು ಬರೆದೆ. ತಪ್ಪು ಹುಡುಕಲು ಹೋದರೆ ಅವಳ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

"ಚಿಕ್ಕಮ್ಮ ಊಟ ಮಾಡ್ಕಂಡೇ ಹೋಗ್ ಅಂತ ಬಿಡ್ಲಿಲ್ಲ" ಎಂದು ಅವಳು ಚೀಲಕ್ಕೆ ಕೈ ಹಾಕಿದಳು. "ಸಂಗತಿ ಕೇಂಡ್ ಚಿಕ್ಕಮ್ಮ, ನಂಗೂ ಸುಮಾರ್ ಸಮಯದಿಂದ ಇದೇ ಉರಿ, ಹೇಳೂಕೆ ನಾಚ್ಕಿ ಆಯಿ ಸುಮ್ನಿದ್ದೆ ಅಂದ್ರ್." ಚೀಲದಿಂದ ಇನ್ನೊಂದು ಬಾಟಲಿ ಹೊರಗೆ ಬಂತು. ಜೇನುತುಪ್ಪದ್ದು, ಚೆನ್ನಾಗಿ ತೊಳೆದದ್ದು. "ಇದ್ ಅವ್ರದ್. ಆದ್ರೆ ಸಿಸ್ಟ್ರೇ, ಅವ್ರದ್ದ್ ಮನಿಯೇ ತ್ರಾಸಿ. ಅವ್ರಿಗೆ ಅದ್ ಶುರುವಿನದ್ ಆತ್ತ್ ಅಲ್ದಾ, ನಡೀತ್ತಾ?"

ಸಮಪಾಲು

ಇದು ಸಣ್ಣದು. ಕೋಡಿಯ ಇಬ್ಬರು ಹೆಂಗಸರು, ಅಕ್ಕಪಕ್ಕದ ಮನೆಯವರು, ಒಟ್ಟಿಗೇ ಬಂದು ಒಟ್ಟಿಗೇ ಕುಳಿತರು. ಅವರಲ್ಲಿ ಒಬ್ಬರು ಹಿಂದಿನ ವಾರ ಬಂದು ಮಾತ್ರೆ ತೆಗೆದುಕೊಂಡು ಹೋಗಿದ್ದರು. ಗುಣ ಆಗಲಿಲ್ಲ ಎಂದರು.

"ಪೂರ್ತಿ ತಗೊಂಡ್ರಾ?" ಎಂದು ಡಾಕ್ಟ್ರಮ್ಮ ಕೇಳಿದರು.

"ಪೂರ್ತಿ ಖಾಲಿ ಆಯ್ತ್ ಡಾಕ್ಟ್ರೇ."

"ಬೆಳಿಗ್ಗೆ ಒಂದು, ರಾತ್ರಿ ಒಂದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗತಿ ಹೊರಗೆ ಬಂತು. ಪಕ್ಕದ ಮನೆಯವರಿಗೂ ಉರಿ ಇತ್ತು. ಅವರಿಗೆ ಆಸ್ಪತ್ರೆಗೆ ಬರಲಿಕ್ಕೆ ನಾಚಿಕೆ. ಸ್ನೇಹ ಅಂದಮೇಲೆ ಬಿಡಲಿಕ್ಕಾಗುತ್ತದಾ, ಬೆಳಗಿನ ಮಾತ್ರೆ ಇವರು ನುಂಗಿದರು, ರಾತ್ರಿಯದು ಅವರು ನುಂಗಿದರು.

ಡಾಕ್ಟ್ರಮ್ಮ ತಲೆ ಮೇಲೆ ಕೈ ಇಟ್ಟುಕೊಂಡರು. ಅರ್ಧ ಮದ್ದು ತೆಗೆದುಕೊಂಡರೆ ರೋಗಾಣು ಸಾಯುವುದಿಲ್ಲ, ಬದಲಿಗೆ ಗಟ್ಟಿಯಾಗುತ್ತದೆ, ಆಮೇಲೆ ಅದೇ ಮಾತ್ರೆಗೆ ಬಗ್ಗುವುದಿಲ್ಲ. ಒಬ್ಬರಿಗೆ ಬರೆದ ಮದ್ದು ಇನ್ನೊಬ್ಬರಿಗೆ ಆಗಬೇಕೆಂದೇನೂ ಇಲ್ಲ ಎಂದು ಇಬ್ಬರನ್ನೂ ಬೈದರು. ಕೊನೆಗೆ "ಈಗ ಹೇಗಿದೆ, ಸ್ವಲ್ಪವಾದರೂ ಕಮ್ಮಿ ಇದೆಯಾ?" ಎಂದು ಕೇಳಿದರು.

ಮೊದಲಿನವರು ಪ್ರಾಮಾಣಿಕವಾಗಿ ಹೇಳಿದರು: "ಬೆಳಿಗ್ಗೆ ನಂಗ್ ಕಮ್ಮಿ ಇರತ್ತ್, ರಾತ್ರಿ ಇವ್ಳಿಗೆ ಕಮ್ಮಿ ಇರತ್ತ್."

ಉಳುಕು ತೆಗೆಸಿದ್ದು

ಸಾಲಿಗ್ರಾಮದ ಕಡೆಯ ಒಬ್ಬ ಅಡಿಗೆಭಟ್ಟರು. ಮದುವೆ ಮನೆ, ಉಪನಯನ ಎಲ್ಲ ಕಡೆ ಅವರದ್ದೇ ಅಡಿಗೆ. ಒಂದು ದಿನ ಹೆಂಡತಿಯನ್ನು ರಿಕ್ಷಾದಲ್ಲಿ ಕರೆತಂದರು. ಆಕೆಯ ಮೈಮೇಲೆ ಎರಡು ಕಂಬಳಿ, ಹೊರಗೆ ಏಪ್ರಿಲ್ ತಿಂಗಳ ಬಿಸಿಲು. ಹಲ್ಲು ಕಟಕಟ ಅನ್ನುತ್ತಿತ್ತು. ಬೆನ್ನಿಂದ ಎಣ್ಣೆಯ ವಾಸನೆ ಗಪ್ಪೆಂದು ಬರುತ್ತಿತ್ತು.

"ಎಂತ ಆಯ್ತು?" ಎಂದೆ.

"ಉಳುಕು" ಎಂದರು ಭಟ್ಟರು. "ದೊಡ್ಡ ಪಾತ್ರೆ ಎತ್ತಿದ್ಲ್. ಸೊಂಟದ ಮೇಲೆ ಬಲಬದಿ ಹಿಡ್ಕಂಡಿತ್ತ್. ಉಳುಕ್ ತೆಗೆವ್ರ ಹತ್ರ ಕರ್ಕಂಡ್ ಹೋಯ್ ತಿಕ್ಸಿದೆ. ಕಮ್ಮಿ ಆಯ್ಲಿಲ್ಲ, ಮತ್ತೊಂದ್ ಸಲ ತಿಕ್ಸಿದೆ."

"ಉಳುಕಿಗೆ ನಡುಕ ಜ್ವರ ಬರ್ತದಾ?"

"ದೊಡ್ಡ ಉಳುಕ್ ಇರ್ಕ್" ಎಂದರು.

ಆಕೆ ಕಂಬಳಿಯೊಳಗಿಂದ ಏನೋ ಹೇಳಲು ನೋಡಿದರು. ಭಟ್ಟರು ಮತ್ತೆ ಉಳುಕಿನ ಕಥೆ ಶುರು ಮಾಡಿದರು. ನಾನು ಅವರನ್ನು "ಕೌಂಟರಿನಲ್ಲಿ ಕರೀತಿದ್ದಾರೆ" ಎಂದು ಹೊರಗೆ ಕಳಿಸಿದೆ. ಯಾರೂ ಕರೆದಿರಲಿಲ್ಲ. ಗಂಡ ಬಾಗಿಲು ದಾಟಿದ ಕೂಡಲೇ ಆಕೆ ಹೇಳಿದರು. ಬೆನ್ನು ನೋವು ಬರುವ ಮೊದಲು ಕೆಲವು ದಿನ ಮೂತ್ರದ ಉರಿ ಇತ್ತು. ಒಮ್ಮೆ ಕೆಂಪಗೆ ಹೋಯಿತು. ಬೀಟ್‌ರೂಟ್ ತಿಂದದ್ದು ಇರಬೇಕು ಎಂದು ಸಮಾಧಾನ ಮಾಡಿಕೊಂಡರು. ಬಾರ್ಲಿ ನೀರು ಕುಡಿದರು, ಎಳನೀರು ಕುಡಿದರು. ಬೆಳಿಗ್ಗೆಯಿಂದ ಕುಡಿದದ್ದೆಲ್ಲ ವಾಂತಿ.

ನಾನು ಓಡಿ ಹೋಗಿ ಡಾಕ್ಟ್ರಮ್ಮನನ್ನು ಕರೆದೆ. ಅವರು ಆಕೆಯನ್ನು ಕೂರಿಸಿ ಹಿಂದೆ ನಿಂತರು. ಪಕ್ಕೆಲುಬಿನ ಕೆಳಗೆ, ಮೂತ್ರಕೋಶದಿಂದ ಸೋಂಕು ಮೇಲೆ ಹತ್ತಿ ಕಿಡ್ನಿಗೆ ಹೋಗಿದೆಯೋ ಎಂದು ನೋಡಲಿಕ್ಕೆ, ಮುಷ್ಟಿಯಿಂದ ಮೆಲ್ಲಗೆ ಒಮ್ಮೆ ತಟ್ಟಿದರು. ಮೆಲ್ಲಗೆ ಎಂದರೆ ಬಾಗಿಲು ತಟ್ಟಿದಷ್ಟು.

ಆಕೆ ಹಿಂದೆ ತಿರುಗಿ ಬಾರಿಸಿದ್ದು ಮಾತ್ರ ಮೆಲ್ಲಗಿರಲಿಲ್ಲ. ಡಾಕ್ಟ್ರಮ್ಮನ ಕನ್ನಡಕ ತೂಕದ ಮೆಷಿನ್ನಿನ ಮೇಲೆ ಹೋಗಿ ಬಿತ್ತು. ಶಬ್ದ ಕೇಳಿ ಭಟ್ಟರು ಒಳಗೆ ಓಡಿ ಬಂದರು.

ಡಾಕ್ಟ್ರಮ್ಮ ಕೆನ್ನೆ ಹಿಡಿದುಕೊಂಡೇ ನನಗೆ ಹೇಳಿದರು: "ಸಿಸ್ಟರ್, ಅಡ್ಮಿಟ್ ಮಾಡಿ. ಕಿಡ್ನಿಗೆ ಹೋಗಿದೆ. ಇಷ್ಟು ಖಚಿತವಾಗಿ ಯಾವ ಸ್ಕ್ಯಾನೂ ಹೇಳುವುದಿಲ್ಲ."

ಆಮೇಲೆ ಸ್ಕ್ಯಾನನ್ನೂ ರಕ್ತ ಪರೀಕ್ಷೆಯನ್ನೂ ಮಾಡಿದರು ಅನ್ನಿ. ಡ್ರಿಪ್ಪಿನಲ್ಲಿ ನರದ ಮೂಲಕ ಮದ್ದು ಕೊಟ್ಟು ಕೆಲವು ದಿನ ಇಟ್ಟುಕೊಳ್ಳಬೇಕಾಯಿತು. ಮೊದಲ ದಿನ ನಮಗೆಲ್ಲ ಹೆದರಿಕೆಯೇ ಇತ್ತು, ಬಿಪಿ ಇಳಿಯುತ್ತಿತ್ತು. ಇನ್ನೊಂದು ದಿನ ತಿಕ್ಕಿಸಿಕೊಂಡು ಮನೆಯಲ್ಲಿ ಇದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಉರಿ ಜೊತೆಗೆ ಜ್ವರ, ನಡುಕ, ಬೆನ್ನಿನ ಬದಿ ನೋವು, ವಾಂತಿ, ರಕ್ತ ಇದರಲ್ಲಿ ಯಾವುದು ಕಂಡರೂ ಕಾಯಬಾರದು, ಬಸುರಿಯಾಗಿದ್ದರೆ ಬರೀ ಉರಿಗೂ ಕಾಯಬಾರದು ಎಂದು ಡಾಕ್ಟ್ರಮ್ಮ ಭಟ್ಟರನ್ನು ಎದುರಿಗೆ ನಿಲ್ಲಿಸಿ ಪಾಠ ಹೇಳಿದರು. ಭಟ್ಟರು ಮೂಲೆಯಲ್ಲಿ ನಿಂತು ಎಲ್ಲದಕ್ಕೂ ತಲೆಯಾಡಿಸಿದರು. ಹೆಂಡತಿ ಗುಣವಾಗುವವರೆಗೆ ಅವರು ಒಂದು ಅಡಿಗೆಯನ್ನೂ ಒಪ್ಪಿಕೊಳ್ಳಲಿಲ್ಲ.

ಮನೆಗೆ ಹೋಗುವ ದಿನ ಆಕೆ ಡಾಕ್ಟ್ರಮ್ಮನ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. "ನಾ ನಿಮ್ಗೆ ಹೊಡ್ದದ್ ಮನ್ಸಿಗ್ ಹಚ್ಕಣ್ಬೇಡಿ. ನಾನ್ ಅಂಥವ್ಳ್ ಅಲ್ಲ. ನೋವಂಗ್ ಗೊತ್ತಾಯ್ಲಿಲ್ಲ, ಇವ್ರೇ ತಟ್ಟಿದ್ದ್ ಅಂದ್ಕಂಡೆ."

ಅತ್ತೆ ಹೊಗಳಿದರು

ಕೋಟದ ಹತ್ತಿರದ ಒಂದು ಮನೆ. ಅತ್ತೆ, ಮಗ, ಸೊಸೆ. ಅತ್ತೆಗೆ ಎಂಬತ್ತರ ಮೇಲೆ ವಯಸ್ಸು, ಮಾತಿಗೆ ಮಾತ್ರ ಇಪ್ಪತ್ತು. ಸೊಸೆ ಮದುವೆಯಾಗಿ ಬಂದಂದಿನಿಂದ ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳಿದವರಿಲ್ಲ. ಆದರೆ ಆ ಸೊಸೆ ಅತ್ತೆಯನ್ನು ಬಿಟ್ಟು ಒಂದು ದಿನವೂ ತವರಿನಲ್ಲಿ ನಿಂತವರಲ್ಲ. ಡಾಕ್ಟ್ರಮ್ಮನ ಹತ್ತಿರ ಬಿಪಿ ಮಾತ್ರೆಗೆಂದು ಇಬ್ಬರೂ ಒಟ್ಟಿಗೇ ಬರುತ್ತಿದ್ದರು. ಸೊಸೆ ದಾರಿಯುದ್ದಕ್ಕೂ ಬೈಸಿಕೊಂಡು ಬಂದು, ಬೈಸಿಕೊಂಡೇ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ಸೊಸೆ ಗಾಬರಿಯಿಂದ ಬಂದರು. ಅತ್ತೆಯನ್ನು ಕಾರಿನಿಂದ ಗಾಲಿಕುರ್ಚಿಗೆ ಇಳಿಸಿಯಾಗಿತ್ತು. ಮಗ ಹಿಂದಿನಿಂದ ಆರಾಮವಾಗಿ ಬರುತ್ತಿದ್ದರು.

"ಎಂತ ಆಯ್ತು ಅಮ್ಮನಿಗೆ?"

"ಸಿಸ್ಟ್ರೇ, ಅತ್ತೆ ನನ್ನನ್ನ ಹೊಗಳಿದ್ರ್."

ನಾನು ಪೆನ್ನು ಹಿಡಿದುಕೊಂಡು ಕುಳಿತಿದ್ದೆ. ಅದನ್ನು ಚೀಟಿಯಲ್ಲಿ ಹೇಗೆ ಬರೆಯುವುದು ಎಂದು ತಿಳಿಯಲಿಲ್ಲ.

"ನಿನ್ನೆ ನನ್ನ್ ಹುಳಿ ಭಾರೀ ಲಾಯ್ಕ್ ಆಯ್ತ್ ಅಂದ್ರ್. ಆಗ್ಳಿಕೇ ನಂಗ್ ಎದಿ ಧಸಕ್ ಅಂತ್. ಇವ್ರ ಹತ್ರ ಹೇಳ್ದೆ, ಅಮ್ಮಂಗ್ ಎಂತದೋ ಆಯಿತ್ತ್ ಅಂತ. ಇವ್ರ್ ನನ್ನ್ ಮಾತ್ ಕೇಣ್ಕ್ ಅಲ್ದಾ?"

ಮಗ ಹೇಳಿದರು: "ನಾ ಎಂತ ಹೇಳ್ಲಿ ಸಿಸ್ಟ್ರೇ. ಅಮ್ಮ ಸಮಾ ಆಯ್ರ್, ಇವ್ಳಿಗೆ ಅದ್ ತಡ್ಕಂಬ್ಕ್ ಆತಿಲ್ಲೆ."

ಅಷ್ಟೇ ಆಗಿದ್ದರೆ ಸೊಸೆ ಸುಮ್ಮನಿರುತ್ತಿದ್ದರೋ ಏನೋ. ಬೆಳಿಗ್ಗೆ ಕಾಫಿ ಕೊಟ್ಟಾಗ ಅತ್ತೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೀ ಯಾವ ಮನಿ ಹೆಣ್ಣ್ ಮಗಾ?" ಎಂದು ಕೇಳಿದರಂತೆ. ಅತ್ತೆಯನ್ನು ಹೆದರಿಸಬಾರದು ಎಂದು ಸೊಸೆ "ಇಲ್ಲೇ ಹತ್ರದ್ದ್" ಎಂದರಂತೆ.

"ಮದ್ವಿ ಆಯಿತ್ತಾ?"

"ಆಯಿತ್ತ್."

"ಅತ್ತೆ ಹ್ಯಾಂಗ್ ಇದ್ರ್? ಒಳ್ಳೆಯವ್ರಾ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ, ಕೇಳಿದವರು ಸ್ವತಃ ಅತ್ತೆ. ಸೊಸೆ ಯೋಚಿಸಿ ಹೇಳಿದರಂತೆ: "ಬಾಯಿ ಒಂಚೂರ್ ಜೋರ್. ಮನ್ಸ್ ಒಳ್ಳೇದ್."

ಅತ್ತೆ ಅವರ ತಲೆ ಸವರಿ ಮರುಗಿದರಂತೆ. "ಬಾಯಿ ಜೋರ್ ಇಪ್ಪವ್ರ ಒಟ್ಟಿಗೆ ಹ್ಯಾಂಗ್ ಇರ್ತೆ ಮಗಾ? ನಮ್ಮನಿಗ್ ಬಾ. ನಾನ್ ಲಾಯ್ಕಂಗ್ ಕಾಣ್ಕಂತೆ."

ಇದನ್ನು ಹೇಳುವಾಗ ಸೊಸೆ ನಗುತ್ತಿದ್ದರು, ಕಣ್ಣಿಂದ ನೀರೂ ಇಳಿಯುತ್ತಿತ್ತು. ಡಾಕ್ಟ್ರಮ್ಮ ನಗಲಿಲ್ಲ. ಊಟ ಹೇಗೆ ಎಂದು ಕೇಳಿದರು, ಎರಡು ದಿನದಿಂದ ಕಮ್ಮಿ. ನೀರು ಕುಡಿಯುವುದು ಇನ್ನೂ ಕಮ್ಮಿ. ಬಟ್ಟೆ ಒದ್ದೆಯಾಗುತ್ತಿತ್ತು, ವಯಸ್ಸಾಯಿತಲ್ಲ ಎಂದು ಬಿಟ್ಟಿದ್ದರು. ಮೈ ಮುಟ್ಟಿದರೆ ಸಣ್ಣ ಜ್ವರ. ಸಕ್ಕರೆ, ರಕ್ತದ ಉಪ್ಪಿನಂಶ ನೋಡಿಸಿದರು, ಕೈಕಾಲಿನ ಬಲ ನೋಡಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ರಿಪೋರ್ಟಿನಲ್ಲಿ ಸಿಕ್ಕಿದ್ದು ಮೂತ್ರದ ಸೋಂಕು.

"ಉರಿ ಅಂತ ಒಂದ್ ಮಾತ್ ಹೇಳ್ಲಿಲ್ಲ ಅಲ್ದಾ" ಎಂದರು ಮಗ. ಈಗ ಅವರ ಮುಖವೂ ಬಿಳುಚಿಕೊಂಡಿತ್ತು.

"ವಯಸ್ಸಾದವರು ಎಷ್ಟೋ ಸಲ ಹೇಳುವುದಿಲ್ಲ" ಎಂದರು ಡಾಕ್ಟ್ರಮ್ಮ. "ಒಮ್ಮೆಲೇ ಗೊಂದಲ, ಮಂಕು, ಗುರುತು ಸಿಗದೆ ಇರುವುದು, ಹೀಗೆ ಕಾಣಿಸಿಕೊಳ್ಳಬಹುದು. ವಯಸ್ಸಾಯಿತು ಎಂದು ಮನೆಯಲ್ಲಿ ಕೂರಿಸಿಕೊಂಡರೆ ಜೀವಕ್ಕೇ ಅಪಾಯ. ನಿಮ್ಮ ಹೆಂಡತಿಗೆ ತಿಳಿದ ಕಾರಣ ಬೇಗ ಬಂದಿರಿ."

ಅತ್ತೆಯನ್ನು ಅಡ್ಮಿಟ್ ಮಾಡಿದೆವು. ಸೊಸೆ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಅತ್ತೆ ಅವರನ್ನು 'ಮಗಾ' ಎಂದೇ ಕರೆಯುತ್ತಿದ್ದರು. ನನ್ನನ್ನು ಕರೆದು "ಈ ಹೆಣ್ಣ್ ಯಾರ್ದೋ, ಬಂಗಾರದಂಥದ್" ಎಂದೂ ಹೇಳಿದರು. ಕೇಳಿದಷ್ಟು ಸಲ ಸೊಸೆಯ ಮುಖ ಸಣ್ಣದಾಗುತ್ತಿತ್ತು.

ಮದ್ದು ಹಿಡಿಯಿತು. ಒಂದು ಬೆಳಿಗ್ಗೆ ನಾನು ಡ್ಯೂಟಿಗೆ ಬಂದು ಚೀಲ ಇಡುವಷ್ಟರಲ್ಲಿ ಸೊಸೆ ವಾರ್ಡಿನಿಂದ ಓಡಿ ಬಂದರು.

"ಸಿಸ್ಟ್ರೇ, ಅತ್ತೆಗೆ ಗುಣ ಆಯ್ತ್."

"ಜ್ವರ ನೋಡಿದ್ರಾ?"

"ಜ್ವರ ಕಾಂಬ್ದ್ ಎಂತಕ್ಕೆ? ಈಗಷ್ಟೇ ತಲಿ ಬಾಚೂಕ್ ಬತ್ತಿಲ್ಯಾ ನಿಂಗೆ ಅಂತ ಬೈದ್ರ್."

ಮನೆಗೆ ಹೋಗುವ ದಿನ ಬಂತು. ಅತ್ತೆ ಗಾಲಿಕುರ್ಚಿಯಲ್ಲಿ ಕುಳಿತು, ಸೊಸೆ ಕಟ್ಟಿದ ಬಟ್ಟೆಯ ಗಂಟು ಸರಿಯಿಲ್ಲ ಎಂದು ಬಿಚ್ಚಿ ಕಟ್ಟಿಸುತ್ತಿದ್ದರು. ಮಗ ಡಾಕ್ಟ್ರಮ್ಮನ ಹತ್ತಿರ ಸರಿದು ಸ್ವರ ತಗ್ಗಿಸಿದರು.

"ಡಾಕ್ಟ್ರೇ, ಒಂದ್ ಕೇಣ್ಕಿತ್ತ್. ಆ ಸೋಂಕು ಪೂರಾ ಹೋಯ್ಕಾ? ಒಂಚೂರ್ ಉಳ್ಸೂಕ್ ಆತಿಲ್ಯಾ?"

ಸೊಸೆಗೆ ಅದು ಕೇಳಿಸಿತು. ಗಂಟು ಬಿಟ್ಟು ಎದ್ದು ನಿಂತು, "ಡಾಕ್ಟ್ರೇ, ಇವ್ರ್ ಮಾತ್ ಕೇಣ್ಬೇಡಿ. ಆ ಹೊಗಳುವ ಅತ್ತೆ ನಂಗ್ ಬ್ಯಾಡ. ನಂಗೆ ಈ ಅತ್ತೆಯೇ ಸಾಕ್" ಎಂದರು.

ಅತ್ತೆಗೆ ಕಿವಿ ಸ್ವಲ್ಪ ಮಂದ. ಕೊನೆಯ ಮಾತು ಮಾತ್ರ ಕೇಳಿಸಿತ್ತು. ಗಾಲಿಕುರ್ಚಿಯಿಂದ ಸೊಸೆಯ ಕಡೆ ತಿರುಗಿದರು.

"ಎಂತ ಅಂದೆ? ಅತ್ತೆ ಸಾಕಾಯ್ತಾ ನಿಂಗೆ?"